ಕುದುರೆ ಮರಿಗೆ ಬಿಟ್ಟುಹೋದ ಗಂಟೆ

ಇವತ್ತು ಮಗಳು ನನ್ನ ಮಂಡಿಗೆ ಬಿಸಿ ಹರಳೆಲೆ ಕಟ್ಟಿದಳು. ಆ ವಾಸನೆಗೆ ನಾನು ಚಿಕ್ಕವಳಿದ್ದಾಗಿನ ಎಕ್ಕಂಬಿಯ ನಮ್ಮ ಅಂಗಳ ತೇಲಿಬಂತು.

ಗೊಬ್ಬರಕ್ಕೆಂದು ಗದ್ದೆಯಲ್ಲಿ ಕುರಿಮಂದೆ ನಿಲ್ಲಿಸಲು ಬಂದಿದ್ದ ಕುರಿಗಾರರ ಕುದುರೆ ಮರಿಯೊಂದರ ಕಾಲಿನ ಗಂಟು ಉಳುಕಿ ಊದಿತ್ತು. ನಡೆಯಲಾರದ ಅದನ್ನು ನನ್ನ ಅಜ್ಜಿಯ ಬಳಿ ಬಿಟ್ಟು ಹೊರಡುವಾಗ, ಕುರಿಗಾರರ ಹೆಂಗಸು ತಾಯಿಕುದುರೆಯ ಕೊರಳ ಗಂಟೆ ಬಿಚ್ಚಿಕೊಟ್ಟಳು. "ನಾವು ತಿರುಗಿ ಬರೂತನಕ ಇಟ್ಕೋರಿ ಅವ್ವಾರ. ಇದರ ಸಪ್ಪಳ ಕೇಳಿದ್ರ ಮರಿ ಏಳತೈತಿ."

ನಾನು ಗಂಟೆ ಮುಟ್ಟಿದರೆ ಸಾಕು, ಎಲೆ ಕಟ್ಟುತ್ತಿದ್ದ ಅಜ್ಜಿ ಗದರುತ್ತಿದ್ದಳು: "ಈಗ್ಲೇ ಬಾರ್ಸಡ ಕೂಸೆ, ಬಾವು ಇಳೀಲಿ."

ಬಾವು ಇಳಿದ ಬೆಳಿಗ್ಗೆ ಅವಳೇ ಅಂಗಳದಾಚೆ ನಿಂತು ಮೆಲ್ಲನೆ ಬಾರಿಸಿದಳು. ಮರಿ ಕಿವಿ ನಿಮಿರಿಸಿ ಎದ್ದಿತು. ಮಂಜಿನಲ್ಲಿ ಕುಂಟುತ್ತ ಬಂದು, ತಾಯಿ ಕಾಣದೆ, ಅಜ್ಜಿಯ ಸೆರಗಿಗೇ ಮೂತಿ ಒತ್ತಿತು.

ಈಗ ಮಗಳು ಕೋಣೆಯ ಆ ತುದಿಯಲ್ಲಿ ಕೈಚಾಚಿ ನಿಂತಿದ್ದಾಳೆ. "ಬಾ ಆಯಿ, ನಿಧಾನ."

ಅವಳ ಬಳೆ ಸದ್ದಾಯಿತು. ಎದ್ದೆ.