ರಂಗಮ್ಮನವರ ದನಿಯಲ್ಲಿ ಬಿದ್ದ ಟಿಕ್

೨೦೨೩ರಲ್ಲಿ ನಾನು ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ಒಂದು ಸಣ್ಣ ಸ್ಟುಡಿಯೊದ ಸೌಂಡ್ ಎಂಜಿನಿಯರ್. ನಾನು ಮೈಸೂರಿನವಳೆಂದು ತಿಳಿದು, ಮನೆಯಲ್ಲಿ ಕನ್ನಡ ಆಡುವ ಸೋಮನೂರಿನ ಕವಿತಾ ತನ್ನ ತಾಯಿಯನ್ನು ನನ್ನ ಬಳಿಗೇ ಕರೆತಂದಳು. ತಾಯಿ ರಂಗಮ್ಮನವರಿಗೆ ಗಂಟಲ ಕ್ಯಾನ್ಸರ್. ಮರುದಿನ ಧ್ವನಿಪೆಟ್ಟಿಗೆಯನ್ನೇ ತೆಗೆಯುವ ಆಪರೇಷನ್. ಮನೆಯಲ್ಲಿ ದಿನಾ ಆಡುವ ಮಾತುಗಳನ್ನು ಅವರದೇ ದನಿಯಲ್ಲಿ ಹಿಡಿದಿಟ್ಟರೆ ಆಮೇಲೆ ಫೋನಿನ ಗುಂಡಿ ಒತ್ತಿ ಕೇಳಿಸಬಹುದೆಂಬುದು ಮಗಳ ಆಸೆ.

ಪವರ್‌ಲೂಮ್ ಶೆಡ್ಡಿನ ಗದ್ದಲದಲ್ಲಿ ಕೂಗಿಯೇ ಮಾತಾಡಿ ಬದುಕಿದ ಹೆಂಗಸು. ಅಂದು ಎರಡು ಮಾತಿಗೊಮ್ಮೆ ನೀರು ಬೇಕಾಗುತ್ತಿತ್ತು.

ಆ ಬೆಳಿಗ್ಗೆಯೇ ನಮ್ಮ ಆಡಿಯೊ ಇಂಟರ್‌ಫೇಸಿನ, ಅಂದರೆ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆಯ, ಮೈಕ್ ಇನ್‌ಪುಟ್ ಕೈಕೊಟ್ಟಿತ್ತು. ಹಾಗಾಗಿ ಮೈಕನ್ನು ಪ್ರೀಆಂಪಿಗೆ, ಅಂದರೆ ದನಿಯನ್ನು ಹಿಗ್ಗಿಸುವ ಬೇರೊಂದು ಪೆಟ್ಟಿಗೆಗೆ, ಹಾಕಿ, ಅಲ್ಲಿಂದ ಡಿಜಿಟಲ್ ಕೇಬಲ್ ಎಳೆದು ಇಂಟರ್‌ಫೇಸಿಗೆ ಜೋಡಿಸಿದೆ. ದನಿ ಸ್ವಚ್ಛವಾಗಿಯೇ ಬಂತು. ಆದರೆ ಮೊದಲ ಮಾತುಗಳನ್ನು ತಿರುಗಿಸಿ ಕೇಳಿದಾಗ, ಆಗಾಗ ಒಂದು ಸಣ್ಣ ‘ಟಿಕ್’.

“ಏನಾಯ್ತು ಅಮ್ಮಣಿ? ನನ್ ಕುರಲು ಸರಿ ಇಲ್ವಾ?” ಎಂದರು ರಂಗಮ್ಮ.

“ನಿಮ್ಮ ದನಿ ಸರಿಯಾಗೇ ಇದೆ ಅಮ್ಮ. ಮೆಷಿನ್ದೇ ಏನೋ ತೊಂದರೆ.”

ಕೇಬಲ್ ಬದಲಿಸಿ ಮತ್ತೆ ಮಾತಾಡಿಸಿದೆ. ಟಿಕ್. ಮೈಕ್ ಬದಲಿಸಿದೆ. ಟಿಕ್. ಅಷ್ಟರಲ್ಲಿ ಅವರ ದನಿ ಒಡೆಯತೊಡಗಿತ್ತು.

“ಪೋದುಂ ಅಕ್ಕಾ, ಸಾಕು, ಬಿಟ್ಬಿಡಿ. ಅಮ್ಮನ ಕೈಲಿ ಇನ್ನು ಆಗಲ್ಲ,” ಎಂದು ಕವಿತಾ ಎದ್ದೇ ನಿಂತಳು.

ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದೆ. ಟಿಕ್‌ಗಳ ನಡುವಿನ ಅಂತರ ಒಂದೇ ಸಮನಾಗಿತ್ತು. ಕೆಟ್ಟ ಕೇಬಲ್ ಇಷ್ಟು ಶಿಸ್ತಾಗಿ ಕೆಡುವುದಿಲ್ಲ. ಸೆಟ್ಟಿಂಗ್ಸ್ ತೆರೆದೆ. ಇಂಟರ್‌ಫೇಸಿನ ಕ್ಲಾಕ್ ಸೋರ್ಸ್ ‘ಇಂಟರ್ನಲ್’. ಪ್ರೀಆಂಪಿನದೂ ‘ಇಂಟರ್ನಲ್’.

ಡಿಜಿಟಲ್ ಯಂತ್ರ ದನಿಯನ್ನು ಸೆಕೆಂಡಿಗೆ 48,000 ಚೂರುಗಳಾಗಿ ಎಣಿಸುತ್ತದೆ. ಎಣಿಸಲು ಪ್ರತಿ ಯಂತ್ರಕ್ಕೂ ಒಳಗೊಂದು ಗಡಿಯಾರ. ಎರಡು ಗಡಿಯಾರಗಳು ಕೂದಲೆಳೆಯಷ್ಟಾದರೂ ಹಿಂದುಮುಂದಾಗುತ್ತವೆ. ಆ ವ್ಯತ್ಯಾಸ ಸೇರಿ ಸೇರಿ ಒಂದು ಚೂರು ಕಳೆದುಹೋದಾಗ ಟಿಕ್. ಒಂದು ಯಂತ್ರ ಎಣಿಸಬೇಕು, ಇನ್ನೊಂದು ಹಿಂಬಾಲಿಸಬೇಕು. ಪ್ರೀಆಂಪಿನ ಎಣಿಕೆಯನ್ನೇ ಹಿಂಬಾಲಿಸಲೆಂದು ಇಂಟರ್‌ಫೇಸನ್ನು ‘ಎಕ್ಸ್‌ಟರ್ನಲ್’ಗೆ ತಿರುಗಿಸಿದೆ. ಎರಡೂ ಹೊಂದಿಕೊಂಡವೆಂದು ತೋರಿಸುವ ಲಾಕ್ ದೀಪ ಮಿಟುಕಿ, ಸ್ಥಿರವಾಗಿ ಉರಿಯಿತು. ಈ ಸಲ ನಾನೇ ಮೈಕಿನ ಮುಂದೆ ಕೂತು ಒಂದರಿಂದ ನೂರು ಎಣಿಸಿದೆ. ಟಿಕ್ ಇಲ್ಲ.

“ಅಮ್ಮ, ಇನ್ನೊಂದ್ಸಲ ಆಗುತ್ತಾ?”

ರಂಗಮ್ಮ ನೀರು ಕುಡಿದು ಸೆರಗಿನಿಂದ ಬಾಯೊರೆಸಿಕೊಂಡರು. “ಆಗ್ದೆ ಏನು? ಇವಳಪ್ಪನ್ನ ಬೈಯೋದೇ ಇನ್ನೂ ಬಾಕಿ ಇದೆ.”

ಮನೆಯವರನ್ನು ಹೆಸರು ಹಿಡಿದು ಕರೆದರು, ಉಂಡಿರಾ ಎಂದು ಕೇಳಿದರು, ಗಂಡನನ್ನು ಮನಸಾರೆ ಬೈದರು. ನಂತರ ತುಟಿ ಆಡಿತು, ದನಿ ಬರಲಿಲ್ಲ. ಮೊದಲು ಹೇಳಿದ ಕೆಲವು ಮಾತುಗಳನ್ನು ಮತ್ತೆ ಹೇಳಲಾಗಲೇ ಇಲ್ಲ. ಅವುಗಳ ಹಳೆಯ ರೆಕಾರ್ಡಿಂಗಿನಲ್ಲೇ ಟಿಕ್‌ಗಳನ್ನು ಒಂದೊಂದಾಗಿ ಅಳಿಸಿದೆ. ಎರಡು ಮಾತುಗಳಲ್ಲಿ ಕಲೆ ಉಳಿದೇ ಹೋಯಿತು.

ಕೆಲವು ತಿಂಗಳ ಮೇಲೆ ಕವಿತಾ ಫೋನ್ ಮಾಡಿದಳು. ಅಮ್ಮ ಫೋನಿನ ಗುಂಡಿ ಒತ್ತಿ ಆ ದನಿಯಲ್ಲಿ ಕರೆದರೆ ಅಪ್ಪ ಶೆಡ್ಡಿನಿಂದಲೇ “ಬಂದೆ, ಬಂದೆ” ಅನ್ನುತ್ತಾರಂತೆ.

ಈಗ ಯಾರೇ ಬರಲಿ, ಮೊದಲು ಕ್ಲಾಕ್ ನೋಡುತ್ತೇನೆ, ನನ್ನದೇ ದನಿಯಲ್ಲಿ ಪರೀಕ್ಷಿಸುತ್ತೇನೆ. ಪರೀಕ್ಷೆಗೆಂದು ಖರ್ಚು ಮಾಡುವಷ್ಟು ದನಿ ಎಲ್ಲರ ಬಳಿಯೂ ಇರುವುದಿಲ್ಲ.