ನ್ಯಾಮತಿ ಸಂತೆಯಲ್ಲಿ ನನ್ನ ಧೈರ್ಯ

ಬಂಡಿ ಹತ್ತಿ ಬೋಧನೆಗೆ ನಿಂತ ನನ್ನ ಮೇಲೆ ಜನ ಈರುಳ್ಳಿ ಎಸೆಯಬಹುದಿತ್ತು. ಸಂತೆಯಲ್ಲಿ ಕೈಗೆ ಮೊದಲು ಸಿಗುವುದು ಅದೇ. ಸ್ವಾತಂತ್ರ್ಯ ಚಳವಳಿಯ ಹುಡುಗರು ನನ್ನನ್ನು ಬಿಳಿಯರ ಕಡೆಯವನೆಂದು ಬಂಡಿಯಿಂದ ಕೆಳಗಿಳಿಸಬಹುದಿತ್ತು. ಅವರಿಂದ ತಪ್ಪಿಸಿಕೊಂಡರೆ ಪೊಲೀಸಿನವನು ಚಳವಳಿಯವನೆಂದು ಹಿಡಿದುಕೊಂಡು ಹೋಗಬಹುದಿತ್ತು. ಶಾಸ್ತ್ರ ಓದಿಕೊಂಡವರು ಯಾರಾದರೂ ಮುಂದೆ ಬಂದು ಒಂದೇ ಪ್ರಶ್ನೆ ಕೇಳಿ ನನ್ನ ಬಾಯಿ ಕಟ್ಟಿಬಿಡಬಹುದಿತ್ತು. ನಾನು ಕೀರ್ತನೆ ಹಾಡಿದ ರೀತಿಗೆ ಎತ್ತುಗಳು ಹಗ್ಗ ಕಿತ್ತುಕೊಂಡು ಓಡಬಹುದಿತ್ತು. ಇದ್ಯಾವುದೂ ಆಗದೆ, ಯಾರೂ ತಿರುಗಿಯೂ ನೋಡದೆ, ನಾನು ಕುಂಬಳಕಾಯಿ ರಾಶಿಗೆ ಸುವಾರ್ತೆ ಸಾರಿ ಮನೆಗೆ ಬರಬಹುದಿತ್ತು. ನಿಜ ಹೇಳಬೇಕೆಂದರೆ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿದ್ದದ್ದು ಇದರದೇ.

ಯುದ್ಧದ ಕಾಲ. ನಾನು ಹೊನ್ನಾಳಿಯ ಒಂದು ಪುಟ್ಟ ಶಾಲೆಯ ಮೇಷ್ಟ್ರು. ನನ್ನ ಅಜ್ಜನ ಕಾಲದಿಂದಲೇ ನಾವು ಕ್ರೈಸ್ತರು. ನನ್ನ ವಿಶ್ವಾಸ ಗಟ್ಟಿಯಾದದ್ದೇ; ಆದರೆ ಅದಕ್ಕೆ ಬಿಸಿಲು ಆಗಿಬರುತ್ತಿರಲಿಲ್ಲ. ನಾಲ್ಕು ಗೋಡೆಯ ಒಳಗೆ, ಬಾಗಿಲು ಮುಂದೆ ಮಾಡಿ ಪ್ರಾರ್ಥನೆಗೆ ಕೂತರೆ ನನ್ನಷ್ಟು ಧೀರನಿಲ್ಲ. ಹೊರಗೆ ಬಂದರೆ ಹೋಟೆಲಿನವನಿಗೆ ಚಹಾ ಸಪ್ಪಗಿದೆ ಎನ್ನಲೂ ಆಗದೆ, ಕುಡಿದು ಕಾಸು ಕೊಟ್ಟು ಬರುತ್ತಿದ್ದೆ. ಇದಕ್ಕೆ ನಾನು ನಮ್ಮ ಸತ್ಯವೇದದಿಂದಲೇ ಆಧಾರ ಹುಡುಕಿಟ್ಟುಕೊಂಡಿದ್ದೆ. ಏಸುಸ್ವಾಮಿಯ ಶಿಷ್ಯರೂ ಒಂದಷ್ಟು ದಿನ ಹೆದರಿ ಅಗುಳಿ ಹಾಕಿಕೊಂಡು ಕೂತಿದ್ದರಲ್ಲವೇ? ಅವರು ಆಮೇಲೆ ಬಾಗಿಲು ತೆರೆದು ಬೀದಿಗೆ ಬಂದರೆಂಬ ಭಾಗವನ್ನು ನಾನು ಸ್ವಲ್ಪ ಬೇಗ ಓದಿ ಮುಗಿಸುತ್ತಿದ್ದೆ.

ಬೀದಿಯಲ್ಲಿ ಸುವಾರ್ತೆ ಸಾರುವ ಕೆಲಸಕ್ಕೆ ನಮ್ಮಲ್ಲಿ ಉಪದೇಶಿ ಸಮಾಧಾನಪ್ಪನವರಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿ ಸಂತೆಯೋ ಅಲ್ಲಿ ಅವರ ಸೈಕಲ್ಲು. ಕೈಯಲ್ಲಿ ತಾಳ, ಬಾಯಲ್ಲಿ ಕೀರ್ತನೆ. ಹರಿಕಥೆಯವರ ಹಾಗೆ ನಡುನಡುವೆ ಹಾಡಿ, ಕಥೆ ಹೇಳಿ, ನಗಿಸಿ, ಕೊನೆಗೆ ಕಣ್ಣೊರೆಸಿಕೊಳ್ಳುವ ಹಾಗೆ ಮಾಡುವವರು. ಒಮ್ಮೆ ಜಗಳೂರಿನ ಧೂಳು ಕುಡಿದು ಬಂದವರು ಸ್ವರವನ್ನೇ ಕಳೆದುಕೊಂಡರು. ನಮ್ಮ ಮನೆಗೆ ಬಂದು ಪಿಸುಗುಟ್ಟಿದರು: "ಮೇಷ್ಟ್ರೇ, ನಾಳೆ ನ್ಯಾಮತಿಗೆ ನೀವು ಹೋಗಬೇಕ್ರಿ. ಮರಿಯಮ್ಮ ಒಬ್ಬಳೇ ಆಗ್ತಾಳೆ."

ಮರಿಯಮ್ಮ ನ್ಯಾಮತಿಯಲ್ಲಿ ಮಂಡಕ್ಕಿ ಮಾರುವ ವಿಧವೆ, ಆ ಸಂತೆಗೆಲ್ಲ ಒಬ್ಬಳೇ ಕ್ರೈಸ್ತಳು. ದೀಕ್ಷಾಸ್ನಾನ ತೆಗೆದುಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಪಕ್ಕದಲ್ಲಿ ತಂಬಾಕಿನ ರುದ್ರಪ್ಪ ಕೂರುತ್ತಿದ್ದ. ಉಪದೇಶಿ ಬರಲು ತಡವಾದರೆ ಸಾಕು, "ಏನವ್ವಾ, ನಿನ್ನ ಸ್ವಾಮಿ ಕೈಬಿಟ್ನಾ?" ಎಂದು ಸಂತೆಗೆಲ್ಲ ಕೇಳುವಂತೆ ಕೂಗುತ್ತಿದ್ದನಂತೆ. "ನೀವು ಬೋಧನೆ ಮಾಡದಿದ್ರೂ ಚಿಂತಿಲ್ಲ. ಆಕೆ ಪಕ್ಕದಾಗೆ ನಿಂತ್ಕೊಂಡು ಬರ್ರಿ" ಎಂದರು ಉಪದೇಶಿಗಳು.

ನಿಂತುಕೊಳ್ಳುವುದಕ್ಕೂ ಧೈರ್ಯ ಬೇಕಲ್ಲ! ನನಗೂ ಗಂಟಲು ಕೆರೆಯುತ್ತಿದೆ ಎಂದೆ. ಒಳಗಿನಿಂದ ನನ್ನ ಹೆಂಡತಿ, "ನಿಮಗೆ ದೇವ್ರ ಮ್ಯಾಲೆ ನಂಬಿಕೆ ಐತೋ, ಅಗುಳಿ ಮ್ಯಾಲೆ ಐತೋ?" ಎಂದಳು. ಚನ್ನಗಿರಿಯವಳು, ಉತ್ತರಕ್ಕಾಗಿ ಕಾಯುವ ಅಭ್ಯಾಸವಿಲ್ಲ.

ಮರುದಿನ ಇದ್ದಿಲ ಬಸ್ಸು ಹತ್ತಿದೆ. ಪೆಟ್ರೋಲಿಲ್ಲದ ಆ ದಿನಗಳಲ್ಲಿ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಆ ಬಸ್ಸು ದಿಬ್ಬ ಕಂಡಲ್ಲೆಲ್ಲ ನಿಲ್ಲುವಂಥದು. ಪ್ರತಿ ದಿಬ್ಬದಲ್ಲೂ ಆಸೆಪಟ್ಟೆ. ಅಂದು ಅದು ಎಲ್ಲೂ ನಿಲ್ಲಲಿಲ್ಲ.

ನನ್ನನ್ನು ಕಂಡದ್ದೇ ಮರಿಯಮ್ಮ ಎದ್ದು ನಿಂತಳು. "ಬಂದ್ರಾ ಮೇಷ್ಟ್ರೇ!" ಎಂದವಳ ಮುಖ ನೋಡಿ, ಬಸ್ಸಿನಲ್ಲಿ ಆಸೆಪಟ್ಟದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡೆ. ರುದ್ರಪ್ಪ ನನ್ನನ್ನು ಮೇಲಿಂದ ಕೆಳಗೆ ಅಳೆದು, "ಈ ಸಲ ಬಡಕಲು ಉಪದೇಶಿ ಕಳ್ಸ್ಯಾರೆ" ಎಂದ. ಜನ ನಕ್ಕರು. ನಗಲಾದರೂ ಜನ ಸೇರಿದರಲ್ಲ, ಕುಂಬಳಕಾಯಿಯ ಭಯ ತಪ್ಪಿತು. ಖಾಲಿ ಬಂಡಿಯೊಂದನ್ನು ಹತ್ತಿ ಕೀರ್ತನೆ ಎತ್ತಿಕೊಂಡೆ. ಎತ್ತುಗಳು ದೊಡ್ಡ ಮನಸ್ಸು ಮಾಡಿದವು. ಪೊಲೀಸಿನವನೊಬ್ಬ ಬಂದ, ನಾನು ಹಾಡಿದ ಸಾಲನ್ನೇ ಇನ್ನೊಮ್ಮೆ ಹಾಡಿದೆ. ಅವನು ಪೇಟ ತೆಗೆದು, ಬಂಡಿಯ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತ.

ಆಮೇಲೆ ಏಸುಸ್ವಾಮಿಯ ಹೆಸರು ಹೇಳಿದೆ. ಗಟ್ಟಿಯಾಗಿ, ಬಿಸಿಲಿನಲ್ಲಿ. ಆ ಸ್ವರ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ. ಹಸಿದ ಐದು ಸಾವಿರ ಜನಕ್ಕೆ ಆತನು ಐದೇ ರೊಟ್ಟಿ ಹಂಚಿ, ಬುಟ್ಟಿಗಟ್ಟಲೆ ಉಳಿಸಿದ ಕಥೆ ಹೇಳಿದೆ, ಪ್ರಾರ್ಥನೆ ಮಾಡಿದೆ, ಕಣ್ಣು ತೆರೆದೆ.

ಒಬ್ಬರೂ ಎದ್ದಿರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇನ್ನು ಈರುಳ್ಳಿಯೇ ಎಂದುಕೊಂಡೆ. ಮುಂದೆ ಕೂತಿದ್ದ ಮುದುಕಿಯೊಬ್ಬಳು ಸೆರಗು ಒಡ್ಡಿ ಕೇಳಿದಳು: "ಪ್ರಸಾದ ಎಲ್ಲಪ್ಪಾ?"

ಹರಿಕಥೆ ಕೇಳಿ ಬೆಳೆದ ಊರು. ಕಥೆ ಮುಗಿದರೆ ಕೈಗೆ ಏನಾದರೂ ಬೀಳಬೇಕು. ಉಪದೇಶಿಗಳು ಒಂದಿಷ್ಟು ಬೆಲ್ಲವನ್ನಾದರೂ ಹಂಚಿ ಕಳಿಸುತ್ತಿದ್ದರೆಂದು ನನಗೆ ತಿಳಿದದ್ದು ಆಮೇಲೆ. ನಾನೋ, ಬರಿಗೈಯಲ್ಲಿ ಬಂದವನು, ರೇಷನ್ನಿನ ಕಾಲದಲ್ಲಿ ರೊಟ್ಟಿಯ ಕಥೆಯನ್ನೇ ಆರಿಸಿ ಹೇಳಿದ್ದೆ!

"ಊಟ ಹಾಕೋ ದೇವರ ಕಥೆ ಹೇಳಿ, ಉಪಾಸ ಕಳಿಸ್ತೀರಾ ಮೇಷ್ಟ್ರೇ?" ರುದ್ರಪ್ಪ ಕೂಗಿದ. "ಮರಿಯವ್ವಾ, ಇಷ್ಟೇ ಏನು ನಿನ್ನ ಸ್ವಾಮಿ?"

ನಗೆ ಎದ್ದಿತು. ನಾನು ನನ್ನ ಬರಿಗೈಗಳನ್ನು ನೋಡಿಕೊಂಡೆ. ಮರಿಯಮ್ಮ ಮಾತ್ರ ನಗಲಿಲ್ಲ, ಅಳಲಿಲ್ಲ. ತನ್ನ ಮಂಡಕ್ಕಿ ಬುಟ್ಟಿಯನ್ನು ಎತ್ತಿ ತಂದು ಬಂಡಿಯ ಮೇಲೆ ಇಟ್ಟಳು.

"ಇದು ಪ್ರಸಾದ ಅಲ್ರಪ್ಪ, ಮಂಡಕ್ಕಿ. ನನ್ನ ಗಂಡ ಸತ್ತಾಗ ನೆಂಟರು ಯಾರೂ ಬಾಗಿಲಿಗೆ ಬರಲಿಲ್ಲ. ಉಪದೇಶಿಗಳ ಮನೆ ಅಮ್ಮಾರು ಗಂಜಿ ತಂದು, ನನ್ನ ತಟ್ಟೇಲೇ ತಾವೂ ಉಂಡ್ರು. ಯಾಕ್ರಮ್ಮಾ ಅಂದ್ರೆ, ನಮ್ಮ ಸ್ವಾಮಿ ಹಿಂಗೇ ಮಾಡಿದ್ದು ಅಂದ್ರು. ಅವತ್ತಿಂದ ನಾನು ಅವನ ಕಡೆಯವಳು. ರುದ್ರಣ್ಣಾ, ಅವನು ನನ್ನ ಕೈ ಬಿಟ್ಟಿಲ್ಲ. ಮೇಷ್ಟ್ರೇ, ಸ್ವಾಮಿಗೆ ಸ್ತೋತ್ರ ಹೇಳ್ರಿ, ಹಂಚ್ತೀನಿ."

ಸ್ತೋತ್ರ ಹೇಳಿದೆ. ಅಷ್ಟು ಮನಸಾರೆ ನಾನು ಯಾವ ಗೋಡೆಗಳ ಒಳಗೂ ಹೇಳಿರಲಿಲ್ಲ. ಕೆಲವರು ಎದ್ದು ದೂರ ಸರಿದರು, ಹೆಚ್ಚಿನವರು ಕೈಯೊಡ್ಡಿದರು. ಮುದುಕಿಯ ಸೆರಗು ತುಂಬಿತು, ಪೊಲೀಸಿನವನ ಪೇಟ ತುಂಬಿತು. ಬುಟ್ಟಿ ಉಕ್ಕಿ ಹರಿಯಿತೆಂದು ಬರೆಯುವ ಆಸೆ ನನಗೂ ಇದೆ. ಅದು ಖಾಲಿಯಾಯಿತು, ಅಷ್ಟೇ. ಖಾಲಿ ಬುಟ್ಟಿಯನ್ನು ಕೊಡವಿ ನಕ್ಕ ಆಕೆಯ ಮುಖವನ್ನು ನೆನೆದು ಇವತ್ತಿಗೂ ಕೃತಜ್ಞನಾಗಿದ್ದೇನೆ. ಆಕೆಯ ಪಕ್ಕ ನಿಲ್ಲಲೆಂದು ಹೋದವನು ನಾನು. ಯಾರ ಪಕ್ಕ ಯಾರು ನಿಂತರು ಎಂದು ನೀವೇ ಹೇಳಿ.

ಕೊನೆಯ ಹಿಡಿ ಸಿಕ್ಕಿದ್ದು ರುದ್ರಪ್ಪನಿಗೆ. ಅವನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, ಮರಿಯಮ್ಮನನ್ನೂ ನನ್ನನ್ನೂ ನೋಡಿದ. ಸಂತೆಯೇ ಅವನ ಬಾಯಿ ನೋಡುತ್ತಿತ್ತು.

"ಎಲ್ಲಾ ಸರಿ ಐತ್ರೀ ಮೇಷ್ಟ್ರೇ," ಎಂದ. "ಮಂಡಕ್ಕಿ ಜೊತೆಗೆ ಒಂದು ಹಸಿಮೆಣಸಿನಕಾಯಿ ಇರಲಿಲ್ಲ, ನೋಡ್ರಿ."

ನಾನು ಅಷ್ಟೆಲ್ಲ ಹೆದರಿ ಹೋದ ಸಂತೆಯಲ್ಲಿ ಅಂದು ಕೆಟ್ಟದ್ದು ಅದೊಂದೇ.