ಅಕ್ಕನ ಧ್ವನಿ ಇಟ್ಟಿದ್ದ ಡಬ್ಬಿ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಇದನ್ನು ನಾನು ಗಡಿಯಾರ ನೋಡಿ ಹೇಳುತ್ತಿಲ್ಲ. ಆಗ ಗಡಿಯಾರ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಾನೇ ಜೋಡಿಸಿದ ಕಂಪ್ಯೂಟರು ತಾನು ಮಾಡಿದ ಕೆಲಸವನ್ನೆಲ್ಲ ಹೊತ್ತಿನ ಸಮೇತ ಬರೆದಿಟ್ಟುಕೊಳ್ಳುತ್ತದೆ. ಅದು ಕೊನೆಯ ಸಾಲು ಬರೆದದ್ದು ಆ ನಿಮಿಷಕ್ಕೆ. ಮುಂದೆ ಖಾಲಿ. ಏಪ್ರಿಲ್ ತಿಂಗಳ ಒಂದು ಭಾನುವಾರ, ಇಂಡಿಯಲ್ಲಿ ಅಕ್ಕನ ಮನೆ. ಅದಕ್ಕೆ ಸ್ವಲ್ಪ ಮೊದಲು ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ.

ಅಕ್ಕ ನನಗಿಂತ ಬಹಳ ದೊಡ್ಡವಳು. ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಭಾವ ತೀರಿಕೊಂಡ ಮೇಲೆ ಇಂಡಿಯಲ್ಲಿ ಒಬ್ಬಳೇ ಇದ್ದು ರವಿಕೆ ಹೊಲಿಯುತ್ತಾಳೆ. ನಾನು ಸಿಂದಗಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಬಾಡಿಗೆಯ ಕೋಣೆಯಲ್ಲಿ ನಾನೂ ಒಬ್ಬಳೇ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುವುದು, ಸೋಮವಾರ ಬೆಳಿಗ್ಗೆ ಮರಳುವುದು. ವಾರದ ಉಳಿದ ದಿನಗಳಲ್ಲಿ ಪಾಠ ಬಿಟ್ಟರೆ ನಾನು ಮಾತಾಡುವುದು ಕಡಿಮೆ.

ಅಕ್ಕ ಹಾಡುತ್ತಿದ್ದಳು. ಕಲಿತು ಹಾಡಿದವಳಲ್ಲ, ಮದುವೆಮನೆಗಳಲ್ಲಿ ಹಾಡಿದವಳು. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಮೋರಟಗಿ, ತಂಗಡಗಿ, ಎಲ್ಲಿ ನಮ್ಮ ಬಳಗದ ಮದುವೆಯಾದರೂ ಅರಿಷಿಣ ಹಚ್ಚುವ ಹೊತ್ತಿಗೆ ಹೆಂಗಸರು ಅವಳ ದಾರಿ ಕಾಯುತ್ತಿದ್ದರು. ದೊಡ್ಡ ಧ್ವನಿ. ಒಲೆಯ ಹತ್ತಿರ ಕೂತು ಹಾಡಿದರೆ ಹಂದರದ ಆಚೆಯವರೂ ಮಾತು ನಿಲ್ಲಿಸುತ್ತಿದ್ದರು. ನಂತರ ಗಂಟಲಿಗೆ ರೋಗ ಬಂತು. ಜೀವ ಉಳಿಸಲು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಅಕ್ಕ ಉಸಿರಾಡುವುದು ಕುತ್ತಿಗೆಯಲ್ಲಿ ಮಾಡಿದ ಸಣ್ಣ ತೂತಿನಿಂದ. ಮಾತಾಡುವಾಗ ತುಟಿ ಆಡುತ್ತದೆ, ಸದ್ದು ಬರುವುದಿಲ್ಲ. ಆ ತುಟಿಯ ಮಾತು ನನಗೆ ಪೂರ್ತಿ ತಿಳಿಯುತ್ತದೆ. ಬೇರೆಯವರಿಗೆ ಅರ್ಧ ತಿಳಿಯುತ್ತದೆ.

ಅಪ್ಪ ಇದ್ದಾಗ ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಂಡ ಕ್ಯಾಸೆಟ್ಟುಗಳು ಒಂದು ಟ್ರಂಕಿನಲ್ಲಿದ್ದವು. ಬೂಸಲು ಹಿಡಿದಿದ್ದವು. ಒಮ್ಮೆ ಓಡಿಸಿದರೆ ಟೇಪು ಪುಡಿಪುಡಿಯಾಗಿ ಉದುರುತ್ತಿತ್ತು, ಎರಡನೆಯ ಸಲ ಓಡುತ್ತಿರಲಿಲ್ಲ. ಹಾಗಾಗಿ ಓಡುವ ಆ ಒಂದು ಸಲಕ್ಕೇ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಬೇಕಿತ್ತು. ಅಕ್ಕನ ಮನೆಗೆ ಒಂದು ಮೀಡಿಯಾ ಸರ್ವರ್ ಮಾಡಿಕೊಡುತ್ತೇನೆ, ರಿಮೋಟ್ ಒತ್ತಿದರೆ ಟಿವಿಯಲ್ಲಿ ತನ್ನ ಹಾಡು ತಾನು ಕೇಳಲಿ ಎಂದು ನಾನು ತೀರ್ಮಾನಿಸಿದೆ. ಅಕ್ಕ ಬೇಕು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಕಾಲೇಜಿನಲ್ಲಿ ಹಳೆಯದಾಯಿತೆಂದು ಮೂಲೆಗೆ ಇಟ್ಟಿದ್ದ ಒಂದು ಕಂಪ್ಯೂಟರನ್ನು ಕೇಳಿ ತಂದೆ. ತಗಡಿನ ಗಟ್ಟಿ ಡಬ್ಬಿ. ಅದಕ್ಕೆ ಎರಡು ದೊಡ್ಡ ಹಾರ್ಡ್ ಡಿಸ್ಕ್, ಒಂದು ಸಣ್ಣ ಎಸ್‌ಎಸ್‌ಡಿ ಕೂಡಿಸಿದೆ. ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ಒಂದೇ ಸಮನೆ ತಿರುಗುತ್ತವೆ. ಅವುಗಳ ಮೇಲೆ, ತಾಗಿದೆಯೋ ಇಲ್ಲವೋ ಎಂಬಷ್ಟು ಹತ್ತಿರದಲ್ಲಿ, ಓದುವ ಕಡ್ಡಿ ಓಡಾಡುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದು ಏನೂ ಇಲ್ಲ. ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯನ್ನು ಎಸ್‌ಎಸ್‌ಡಿಗೆ ಹಾಕಿದೆ, ಹಾಡುಗಳನ್ನು ಹಾರ್ಡ್ ಡಿಸ್ಕಿಗೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಎರಡೂ ಡಿಸ್ಕಿನಲ್ಲಿ ಅದೇ ಹಾಡು ಒಟ್ಟಿಗೇ ಬರೆದುಕೊಳ್ಳುವ ಹಾಗೆ ಜೋಡಿ ಮಾಡಿದೆ. ಹೊಸದಾಗಿ ಇಳಿಸಿದ್ದು ಮೊದಲು ಎಸ್‌ಎಸ್‌ಡಿಯಲ್ಲಿ ಕೂತಿದ್ದು, ಬೆಳಗಿನ ಜಾವ ತಾನಾಗಿ ಹಾರ್ಡ್ ಡಿಸ್ಕಿಗೆ ಹೋಗಬೇಕು, ಹಾಗೆ ಮಾಡಿದೆ. ಜೋಡಿ ಡಿಸ್ಕನ್ನು ನಂಬಿ ಕೂರಬೇಡಿ, ಒಂದು ಪ್ರತಿ ಬೇರೆ ಊರಿನಲ್ಲಿರಬೇಕು ಎಂದು ತರಗತಿಯಲ್ಲಿ ಹೇಳುವವಳು ನಾನು. ಸಿಂದಗಿಯಲ್ಲಿ ಒಂದು ಪ್ರತಿ ಇಡುವುದನ್ನು ಬೇಸಿಗೆ ರಜೆಗೆಂದು ಬಿಟ್ಟಿದ್ದೆ.

ಇಂಡಿಗೆ ಒಯ್ಯುವ ಮೊದಲು ಕೆಲವು ವಾರ ಅದನ್ನು ನನ್ನ ಕೋಣೆಯಲ್ಲಿ ಓಡಿಸಿ ಪರೀಕ್ಷೆ ಮಾಡಿದೆ. ಡಿಸ್ಕು ತಿರುಗುವ ಸಣ್ಣ ಗುಂಯ್ ಸದ್ದು, ನಡುವೆ ಎಲ್ಲೋ ಕಾಳು ಹುರಿದಂಥ ಚಟಪಟ. ಕಾಲೇಜಿನಿಂದ ಬಂದು ಬೀಗ ತೆಗೆದಾಗ ಒಳಗೆ ಏನೋ ಒಂದು ಕೆಲಸ ಮಾಡುತ್ತಿದೆ ಅನ್ನಿಸುತ್ತಿತ್ತು. ಅದನ್ನು ಅಕ್ಕನ ಮನೆಗೆ ಕೊಟ್ಟು ಬಂದ ದಿನ ಕೋಣೆ ಬಹಳ ದೊಡ್ಡದಾಗಿ ಕಂಡಿತು.

ಅಕ್ಕ ಅದನ್ನು ಎದೆಮಟ್ಟದ ಹಲಗೆಯ ಮೇಲೆ ಇರಿಸಿಕೊಂಡಳು. ಮರುವಾರ ಹೋದಾಗ ಡಬ್ಬಿಗೆ ಒಂದು ಕವರು ಬಂದಿತ್ತು. ಇಳಕಲ್ ಸೀರೆಯ ಸೆರಗಿನ ತುಂಡಿಗೆ ಕಸೂತಿ ಹಾಕಿ ಹೊಲಿದದ್ದು.

“ಅಕ್ಕಾ, ಇದಕ್ಕ ಗಾಳಿ ಆಡಬೇಕು. ಕವರ್ ಹಾಕಿದ್ರ ಒಳಗ ಕಾದು ಕೆಡತೈತಿ,” ಅಂದೆ.

ಅಕ್ಕನ ತುಟಿ ಆಡಿತು. “ನಾ ಕುತಗಿಗೆ ಅರಬಿ ಕಟ್ಕೊಂಡೇ ಉಸಿರಾಡ್ತೇನಿ. ಇದಕ್ಕೇನು ಧಾಡಿ?”

ಕುತ್ತಿಗೆಯ ತೂತಿಗೆ ಧೂಳು ಹೋಗದಂತೆ ಅವಳು ತೆಳುವಾದ ಬಟ್ಟೆ ಕಟ್ಟಿಕೊಂಡಿರುತ್ತಾಳೆ. ನಗು ತಡೆಯಲಾಗಲಿಲ್ಲ. ಕೊನೆಗೆ ರಾಜಿಯಾಯಿತು. ಹಾಡು ಹಚ್ಚಿದಾಗ ಕವರು ತೆಗೆಯಬೇಕು, ಉಳಿದ ಹೊತ್ತು ಹಾಕಬಹುದು. ಕವರು ತೆಗೆದ ಮೇಲೆ ಒದ್ದೆ ಅರಿವೆಯಿಂದ ಡಬ್ಬಿಯನ್ನು ಒರೆಸುವುದು ಅವಳು ತಾನಾಗಿ ಸೇರಿಸಿಕೊಂಡ ಕೆಲಸ.

ಆ ಭಾನುವಾರ ಮಧ್ಯಾಹ್ನ ಮುದ್ದೇಬಿಹಾಳದ ಒಂದು ಮದುವೆಯ ಕ್ಯಾಸೆಟ್ಟನ್ನು ಇಳಿಸಿದ್ದೆ. ಅದೇ ಕೊನೆಯದು. ಮುಗಿಯುತ್ತಲೇ ಟೇಪು ಹರಿದುಹೋಯಿತು. ಅಲ್ಲಿಗೆ ಟ್ರಂಕು ಖಾಲಿ. ಅಕ್ಕನ ಧ್ವನಿ ಎಂಬುದು ಈ ಭೂಮಿಯ ಮೇಲೆ ಆ ಡಬ್ಬಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಸಂಜೆ ಅಕ್ಕ ಹಳೆಯ ಅರಿಷಿಣದ ಹಾಡೊಂದನ್ನು ಹಚ್ಚಿದಳು. ನಾನು ಚಹಾ ಇಟ್ಟೆ. ಎರಡು ಕಪ್ಪು ಹಿಡಿದು ನಡುಮನೆಗೆ ಬಂದಾಗ ಟಿವಿಯಲ್ಲಿ ಅಕ್ಕ ಹಾಡುತ್ತಿದ್ದಳು. ಹಲಗೆಯ ಹತ್ತಿರ ಅಕ್ಕ ನಿಂತಿದ್ದಳು, ಒಂದು ಕೈ ಡಬ್ಬಿಯ ಮೇಲೆ, ಬಾಯಿ ತೆರೆದುಕೊಂಡು.

ಹಾಡಿನ ಜೊತೆ ತುಟಿ ಆಡಿಸುತ್ತಿದ್ದಾಳೆ ಅಂದುಕೊಂಡೆ. ಒಮ್ಮೊಮ್ಮೆ ಹಾಗೆ ಮಾಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಖುಷಿಯಾಯಿತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಮುಂದೆ ಎಷ್ಟೋ ದಿನ ಕಣ್ಣು ಮುಚ್ಚಿದಾಗಲೆಲ್ಲ ನಾನು ಹೋಗಿ ನಿಲ್ಲುತ್ತಿದ್ದುದು ಅದೇ ಬಾಗಿಲಲ್ಲಿ, ಎರಡು ಕಪ್ಪು ಹಿಡಿದು. ಹಾಡಿನ ಸಾಲು ಮುಗಿದು ಮುಂದಿನ ಸಾಲು ಬಂತು. ತುಟಿ ಮಾತ್ರ ಆಡಲಿಲ್ಲ. ತೆರೆದ ಬಾಯಿ ತೆರೆದೇ ಇತ್ತು. ಕೈಯ ನರಗಳು ಹಗ್ಗದಂತೆ ಎದ್ದಿದ್ದವು. ಕಣ್ಣು ನನ್ನ ಕಡೆಗೇ ಇತ್ತು.

ಕಪ್ಪು ಬಿದ್ದವು. ಕರೆಂಟು ಹಿಡಿದಿದೆ, ಮುಟ್ಟಬಾರದು ಎಂಬುದೊಂದೇ ತಲೆಯಲ್ಲಿ ಉಳಿದಿತ್ತು. ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಎತ್ತಿ ಅದರಿಂದ ಅಕ್ಕನನ್ನು ನೂಕಿದೆ. ಅಕ್ಕ ಬಿದ್ದಳು. ಬಿಗಿದಿದ್ದ ಕೈ ಡಬ್ಬಿಯನ್ನೂ ಎಳೆದುಕೊಂಡು ಬಂತು. ಓಡುತ್ತಿದ್ದ ಡಿಸ್ಕುಗಳ ಸಮೇತ ಅದು ಫರಸಿಗೆ ಬಡಿಯಿತು, ವೈರು ಕಿತ್ತವು, ಹಾಡು ಸಾಲಿನ ನಡುವೆ ನಿಂತಿತು.

ಅಕ್ಕನ ಅಂಗೈ ಸುಟ್ಟಿತ್ತು. ಆಸ್ಪತ್ರೆಯಲ್ಲಿ ಎದೆಯ ಬಡಿತ ನೋಡಿ ಒಂದು ದಿನ ಇರಿಸಿಕೊಂಡು ಕಳಿಸಿದರು. ಹೆಚ್ಚು ಹೊತ್ತಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ವೈದ್ಯರು ಹೇಳಿದ್ದನ್ನು ನಾನು ಅಕ್ಕನಿಗೆ ತಿಳಿಸಲಿಲ್ಲ.

ಮನೆಗೆ ಬಂದು ಟೆಸ್ಟರ್ ಹಿಡಿದು ನೋಡಿದೆ. ಎಲ್ಲಿ ಕರೆಂಟು ಇರಬಾರದೋ ಆ ಅರ್ಥಿಂಗಿನ ತೂತಿನಲ್ಲೇ ಟೆಸ್ಟರು ಉರಿಯಿತು. ಹೊರಗೆ ಹೋಗಿ ಅರ್ಥಿಂಗ್ ಗುಂಡಿ ನೋಡಿದೆ. ಒಂದು ಕಾಲಕ್ಕೆ ನಮ್ಮದೂ ಪಕ್ಕದ ಮನೆಯದೂ ಒಂದೇ ಮನೆ. ನಡುವೆ ಗೋಡೆ ಬಂದರೂ ಗುಂಡಿ ಒಂದೇ ಉಳಿದಿತ್ತು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದಕ್ಕೇ ಬೇಸಿಗೆ ಬಂತೆಂದರೆ ಗುಂಡಿಗೆ ಉಪ್ಪು ಹಾಕಿ ಒಂದೆರಡು ಕೊಡ ನೀರು ಸುರಿಯುವುದು ಎರಡೂ ಮನೆಯ ವಾಡಿಕೆ. ಸುರಿಯುತ್ತಿದ್ದವಳು ಅಕ್ಕ. ಗಂಟಲಿನ ರೋಗ ಬಂದು ಅವಳು ಹಾಸಿಗೆ ಹಿಡಿದಾಗಿನಿಂದ ಯಾರೂ ಸುರಿದಿರಲಿಲ್ಲ. ಗುಂಡಿಯ ಪೈಪಿಗೆ ಹೊಸ ವೈರೊಂದು ಸುತ್ತಿತ್ತು. ಅದು ಪಕ್ಕದ ಮನೆಯ ಕಿಟಕಿಯೊಳಗೆ ಹೋಗಿತ್ತು.

ಆ ಮನೆಯ ಕಾಕಾ ಕಟ್ಟೆಯ ಮೇಲೆ ಕೂತಿದ್ದರು.

“ಕಾಕಾ, ಈ ವೈರ್ ಯಾವಾಗ ಹಚ್ಚೀರಿ?”

“ಮೊನ್ನೆ ಐತವಾರ, ಊಟ ಆದಮ್ಯಾಲ. ಕಂಬಕ್ಕ ಕರೆಂಟ್ ತಿರುಗಿ ಹೋಗೂ ನ್ಯೂಟ್ರಲ್ ವೈರ್ ಸುಟ್ಟಿತ್ತು. ಲೈನ್‌ಮನ್‌ಗ ಫೋನ್ ಮಾಡಿದ್ರ ನಾಳೆ ಬರ್ತೇನಿ ಅಂದಾ. ನಿಮ್ಮ ಕಾಕು ಸೆಕಿಗೆ ಒದ್ದಾಡಾಕತ್ತಿದ್ಲು. ಕೂಲರ್ ಅರ್ಥಿಂಗ್ ಮ್ಯಾಲ ಹಚ್ಚಿದ್ನಿ. ಎಲ್ಲಾರೂ ಹಚ್ತಾರವಾ.”

“ನಮ್ಮ ಮನಿಗೂ ಅದೇ ಅರ್ಥಿಂಗ್ ಐತಲ್ರಿ.”

“ನೆಲಕ್ಕ ಕೊಟ್ಟ ಕರೆಂಟ್ ನೆಲದಾಗ ಹೊಕ್ಕೈತಿ. ನಿಮ್ಮನ್ಯಾಗ ಯಾಕ ಬರ್ತೈತಿ?”

“ನೆಲ ಒಣಗಿ ಕಲ್ಲ ಆಗೇತ್ರಿ. ಹೋಗಾಕ ದಾರಿ ಇಲ್ಲದಕ್ಕ ವೈರ್ ಹಿಡದು ನಮ್ಮ ಡಬ್ಬಿಗೆ ಬಂತು. ಅಕ್ಕ ಅದನ್ನ ಹಿಡದಿದ್ಲು.”

ಕಾಕಾ ನಡುಗೋಡೆಯ ಕಡೆ ನೋಡಿದರು. “ಗ್ವಾಡಿ ಆಚೀಕ ನಾ ಇಲ್ಲೇ ಇದ್ದೆನಲ್ಲವಾ. ಒಂದ ಸಲ ಒದರಿದ್ರ ಓಡಿ ಬರ್ತಿದ್ನಿ. ಯಾಕ ಒದರ್ಲಿಲ್ಲ ಆಕಿ?” ಅಂದರು. ಅಂದ ಮೇಲೆ ತಾವೇ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು. ಎದ್ದು ಹೋಗಿ ವೈರು ಕಿತ್ತರು. ಅವತ್ತಿನಿಂದ ಕಾಕು ನಮ್ಮ ಮನೆಗೆ ದಿನಾ ರೊಟ್ಟಿ ಕಳಿಸಿದಳು. ನಾನು ತಿರುಗಿ ಜಗಳ ತೆಗೆಯಲಿಲ್ಲ.

ಡಿಸ್ಕುಗಳನ್ನು ಸಿಂದಗಿಗೆ ಒಯ್ದು ಬೇರೆ ಕಂಪ್ಯೂಟರಿಗೆ ಹಚ್ಚಿ ನೋಡಿದೆ. ಒಂದು ಟಕ್ ಟಕ್ ಎಂದು ಬಡಿದುಕೊಂಡಿತು. ಇನ್ನೊಂದು ತಿರುಗಲೇ ಇಲ್ಲ. ವಿಜಯಪುರದಲ್ಲಿ ಡೇಟಾ ತೆಗೆದುಕೊಡುವವರ ಹತ್ತಿರ ಹೋದೆ. ಅವರು ಒಂದು ವಾರ ಇಟ್ಟುಕೊಂಡು, “ಒಳಗ ತಟ್ಟಿ ಗೀರ್ಯಾವ್ರಿ ಮೇಡಂ. ಎರಡೂ ಹಂಗs. ಪುಣಾಕ್ಕ ಕಳಿಸಿದ್ರೂ ಏನೂ ಬರಂಗಿಲ್ಲ,” ಅಂದರು. ಬಸ್ಸಿನಲ್ಲಿ ಆ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಯಾರಿಗಾದರೂ ಫೋನ್ ಮಾಡಿ ಹೇಳಬೇಕು ಅನ್ನಿಸಿತು. ಫೋನು ಕೈಯಲ್ಲಿ ಹಿಡಿದೆ. ಇಂಥದ್ದನ್ನು ಫೋನ್ ಮಾಡಿ ಹೇಳುವಂಥ ಒಬ್ಬಳೇ ಒಬ್ಬಳು ಇದ್ದಳು, ಅವಳಿಗೆ ಫೋನಿನಲ್ಲಿ ಮಾತಾಡಲು ಬರುವುದಿಲ್ಲ.

ಎಸ್‌ಎಸ್‌ಡಿಗೆ ಏನೂ ಆಗಿರಲಿಲ್ಲ. ಅದನ್ನು ಹಚ್ಚಿದ ಕೂಡಲೇ ಕಂಪ್ಯೂಟರು ನಿದ್ದೆಯಿಂದ ಎದ್ದಂತೆ ಎದ್ದು ಹಾಡುಗಳ ಹೆಸರೆಲ್ಲ ತೋರಿಸಿತು. ಒತ್ತಿದರೆ ಯಾವುದೂ ಇಲ್ಲ. ಹಾರ್ಡ್ ಡಿಸ್ಕಿಗೆ ಹೋಗಲು ಬೆಳಗಿನ ಜಾವಕ್ಕೆ ಕಾಯುತ್ತಿದ್ದ ಮುದ್ದೇಬಿಹಾಳದ ಆ ಒಂದು ಕ್ಯಾಸೆಟ್ಟು ಮಾತ್ರ ಉಳಿದಿತ್ತು.

ಅದರಲ್ಲಿ ಹಾಡು ಇಲ್ಲವೇ ಇಲ್ಲ ಅನ್ನಬೇಕು. ಅಪ್ಪ ಟೇಪನ್ನು ಅಡುಗೆಮನೆಯ ಹತ್ತಿರ ಇಟ್ಟು ಮರೆತಿರಬೇಕು. ಪಾತ್ರೆಗಳ ಸದ್ದು, ಹೆಂಗಸರ ನಗು, ನಡುವೆ ಅಕ್ಕನ ಧ್ವನಿ: “ಹೋಳಗಿ ಹಂಗ ಸುಡಬ್ಯಾಡ್ರೇ, ಬೀಗರು ಹಲ್ಲಿಲ್ಲದವರು ಅದಾರ.” ಮತ್ತೆ ನಗು. ಆಮೇಲೆ ನನ್ನನ್ನೇ ಬೈಯುವುದು: “ಏ ತಂಗಿ, ಎಲ್ಲಿ ಸತ್ತೀ? ಸಕ್ಕರಿ ತಾ ಅಂದ್ರ ಸಂತಿಗೆ ಹೋದ್ಯೇನು?”

ಲ್ಯಾಪ್‌ಟಾಪಿನಲ್ಲಿ ಅದನ್ನು ತುಂಬಿಕೊಂಡು ಇಂಡಿಗೆ ಹೋಗಿ ಅಕ್ಕನಿಗೆ ಕೇಳಿಸಿದೆ. ಹಾಡೆಲ್ಲ ಹೋದವು, ಇದೊಂದೇ ಉಳಿಯಿತು ಎಂದೆ. ಅವಳು ಅಳುತ್ತಾಳೆ ಎಂದು ಹೆದರಿದ್ದೆ. ಅತ್ತವಳು ನಾನು.

ಅಕ್ಕ ಪಟ್ಟಿ ಕಟ್ಟಿದ ಕೈಯಿಂದ ನನ್ನ ಗದ್ದ ಎತ್ತಿ, ತನ್ನ ತುಟಿ ನೋಡುವಂತೆ ಮಾಡಿದಳು. “ನಾ ಆ ಹಾಡು ಕೇಳತಿದ್ದಿಲ್ಲ.”

“ಮತ್ತ ಪ್ರತಿ ಐತವಾರ ಹಚ್ಚತಿದ್ದೆಲ್ಲ?”

“ನೀ ಬಂದಾಗ ಅಷ್ಟs ಹಚ್ಚತಿದ್ನಿ. ನಿನ್ನ ಮಾರಿ ಅರಳತಿತ್ತು. ನನಗ ಅದು ಯಾರೋ ಬ್ಯಾರೆ ಹೆಂಗಸು ಹಾಡಿಧಂಗ ಆಗತಿತ್ತು.” ನನ್ನ ಕಣ್ಣು ಒರೆಸಿ ಹೇಳಿದಳು, “ನೀ ದಾವಖಾನಿಂದ ಈ ಕಡೆ ನನಗಿಂತ ಕಡಿಮಿ ಮಾತಾಡಾಕತ್ತೀ. ನಂದು ಹೋತು, ನಿಂದಾದ್ರೂ ಇರ್ಲಿ.”

ಆ ಧ್ವನಿ ಬೇಕಾಗಿದ್ದದ್ದು ನನಗೆ. ಡಬ್ಬಿ ಜೋಡಿಸಿದ್ದೂ ನನಗಾಗಿಯೇ. ಇಷ್ಟು ತಿಳಿಯುವುದಕ್ಕೆ ನನಗೆ ಅಷ್ಟು ದಿನ ಬೇಕಾಯಿತು.

ನಿದ್ದೆ ಮಾತ್ರ ಬರುತ್ತಿರಲಿಲ್ಲ. ರಜೆ ಶುರುವಾಗಿದ್ದರಿಂದ ಇಂಡಿಯಲ್ಲೇ ಉಳಿದೆ. ನಮಗೆಂದೇ ಬೇರೆ ಅರ್ಥಿಂಗ್ ಗುಂಡಿ ತೆಗೆಸಿದೆ. ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು ಹಾಕಿಸಿದೆ. ಆದರೂ ಹಾಸಿಗೆಯಲ್ಲಿ ಬಿದ್ದು ಪಕ್ಕದ ಕೋಣೆಯ ಕಡೆಗೆ ಕಿವಿಯಿಟ್ಟಿರುತ್ತಿದ್ದೆ. ಬಾರದಿರುವ ಕೂಗಿಗೆ ಕಿವಿಗೊಟ್ಟರೆ ಅದಕ್ಕೆ ಕೊನೆ ಎಲ್ಲಿದೆ? ಎಲ್ಲ ಸುಮ್ಮನಿದ್ದರೆ, ಅಕ್ಕ ಮಲಗಿದ್ದಾಳೆ ಅಂತಲೂ ಆಗಬಹುದು, ಇನ್ನೊಂದೂ ಆಗಬಹುದು. ಎದ್ದು ಹೋಗಿ ನೋಡುತ್ತಿದ್ದೆ. ಒಮ್ಮೆ ಅಕ್ಕ ಕಣ್ಣು ಬಿಟ್ಟು, “ಸತ್ತಿಲ್ಲ, ಹೋಗಿ ಮಲ್ಕೋ,” ಎಂದು ತುಟಿ ಆಡಿಸಿದಳು.

ರಜೆ ಮುಗಿದ ಮೇಲೆ ಸಿಂದಗಿ ಕೋಣೆಯನ್ನು ಬಿಡಲಿಲ್ಲ, ಆದರೆ ದಿನಾ ಇಂಡಿಯಿಂದಲೇ ಓಡಾಡತೊಡಗಿದೆ. ಆ ಒಂದು ಕ್ಯಾಸೆಟ್ಟಿನ ಒಂದು ಪ್ರತಿ ಸಿಂದಗಿಯಲ್ಲಿದೆ, ಒಂದು ಇಲ್ಲಿದೆ. ಬಸ್ಸಿನಲ್ಲಿ ತೂಕಡಿಸಿ ಇಳಿಯುವ ಊರು ದಾಟಿ ಹೋದದ್ದೂ ಉಂಟು. ಅಕ್ಕ ಅದನ್ನೂ ಕೇಳಿಸಿಕೊಂಡಳು. ಅವತ್ತು ಸಂಜೆ ನನ್ನ ಹಾಸಿಗೆಯನ್ನು ತನ್ನ ಹೊರಸಿನ ಮಗ್ಗುಲಿಗೆ ನೆಲದ ಮೇಲೆ ಎಳೆದು ಹಾಕಿದಳು. ಲಂಗಕ್ಕೆ ಹಾಕುವ ಲಾಡಿಯ ಒಂದು ತುದಿಯನ್ನು ನನ್ನ ಮುಂಗೈಗೆ, ಇನ್ನೊಂದನ್ನು ತನ್ನ ಮುಂಗೈಗೆ ಕಟ್ಟಿದಳು.

“ಏನಕ್ಕಾ ಇದು, ಆಕಳ ಕರಾ ಕಟ್ಟಿಧಂಗ?”

“ಜಗ್ಗಿದ್ರ ಒದರೇನಿ ಅಂತ ತಿಳ್ಕೋ. ಜಗ್ಗದಿದ್ರ ಬಾಯಿ ಮುಚ್ಚಿ ಮಲ್ಕೋ.”

ಮೊದಮೊದಲು ಅವಳು ಮಗ್ಗುಲಾದರೂ ನಾನು ಎದ್ದು ಕೂರುತ್ತಿದ್ದೆ. ಅವಳು ಬೈದು ಮಲಗಿಸುತ್ತಿದ್ದಳು. ಹಾಗೇ ಮಳೆಗಾಲ ಬಂತು.

ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಕಣ್ಣು ಬಿಟ್ಟಾಗ ಬಿಸಿಲು ನಡುಮನೆಯ ಅರ್ಧಕ್ಕೆ ಬಂದಿತ್ತು. ಲಾಡಿಯ ಆ ತುದಿ ಹೊರಸಿನ ಕಾಲಿಗೆ ಕಟ್ಟಿತ್ತು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನಾನು ಎದ್ದದ್ದು ನೋಡಿ ಕಾಲು ನಿಲ್ಲಿಸಿದಳು.

“ನೀರು ಬೇಕಾಗಿತ್ತು. ಎರಡ ಸಲ ಜಗ್ಗಿದ್ನಿ,” ಎಂದು ತುಟಿ ಆಡಿಸಿದಳು. “ಕೋಣ ಮಲಗಿಧಂಗ ಮಲಗಿದ್ದಿ. ನಾನs ಎದ್ದು ಕುಡದು ಬಂದ್ನಿ.”

ಕಾಲೇಜಿನ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು.